ಒಂದೇ ಮನೆಯಲ್ಲಿ ಥೈರಾಯ್ಡ್, ತೊನ್ನು, ಸಂಧಿವಾತ: ಆಟೋಇಮ್ಯೂನ್ ಕಾಯಿಲೆಗಳ ಹಿಂದಿನ ಕತೆ

ತಾಯಿಗೆ ಥೈರಾಯ್ಡ್, ಚಿಕ್ಕಮ್ಮನಿಗೆ ತೊನ್ನು, ಹತ್ತು ವರ್ಷದ ಮಗನಿಗೆ ಇನ್ಸುಲಿನ್ ಬೇಕೇ ಬೇಕಾಗೋ ಸಕ್ಕರೆ ಕಾಯಿಲೆ. ಇಂಥ ಮನೆ ಕುಮಟಾದಲ್ಲೂ ಸಿಗ್ತದೆ, ಶಿರಸಿಯಲ್ಲೂ ಸಿಗ್ತದೆ. ಥೈರಾಯ್ಡಿಗೆ ಟೆನ್ಷನ್ ಕಾರಣ ಅಂತಾರೆ, ತೊನ್ನಿಗೆ ನಾಗದೋಷ ಅಂತ ಗೋಕರ್ಣದಲ್ಲಿ ಪೂಜೆ ಮಾಡಿಸ್ತಾರೆ, ಹುಡುಗನಿಗೆ ಮಾತ್ರ ಚಾಕಲೇಟ್ ತಿಂದು ತಿಂದು ಹೀಗಾಯ್ತು ಅಂತ ಬೈಗುಳ. ಒಬ್ಬರ ಫೈಲು ಊರಿನ ಡಾಕ್ಟರ ಹತ್ರ, ಇನ್ನೊಬ್ಬರದ್ದು ಹುಬ್ಬಳ್ಳಿಯಲ್ಲಿ, ಮತ್ತೊಬ್ಬರದ್ದು ಮಣಿಪಾಲದಲ್ಲಿ, ಹಾಗಾಗಿ ಮೂರೂ ಫೈಲು ಒಂದೇ ಟೇಬಲ್ಲಿಗೆ ಬರೋದೇ ಇಲ್ಲ. ಆದ್ರೆ ಈ ಮೂರಕ್ಕೂ ಒಂದೇ ಬೇರು ಇರಬಹುದು. ರೋಗದ ಜೊತೆ ಹೋರಾಡಬೇಕಾದ ನಮ್ಮ ಇಮ್ಯೂನ್ ಸಿಸ್ಟಮ್ಮೇ ನಮ್ಮ ಅಂಗದ ಮೇಲೆ ತಿರುಗಿ ಬೀಳೋದು, ಇದಕ್ಕೇ ಆಟೋಇಮ್ಯೂನ್ ಕಾಯಿಲೆ ಅನ್ನೋದು. ಇಂಥ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರೋದು ಹಾಗೆ ತಿರುಗಿ ಬೀಳೋ ಒಲವು ಮಾತ್ರ, ಅದು ಯಾರಲ್ಲಿ ಯಾವ ಕಾಯಿಲೆಯಾಗಿ ಹೊರಗೆ ಬರ್ತದೆ, ಬರ್ತದೋ ಇಲ್ವೋ, ಅದು ಬೇರೆ ಲೆಕ್ಕ. ಇಷ್ಟು ಅರ್ಥ ಆಗೋಕೆ ವೈದ್ಯಕೀಯಕ್ಕೇ ನೂರು ವರ್ಷದ ಹತ್ತಿರ ಬೇಕಾಯ್ತು.

1900ರ ಹೊತ್ತಿಗೆ ಇಮ್ಯೂನ್ ಸಿಸ್ಟಮ್ ಬಗ್ಗೆ ಸಂಶೋಧನೆ ಮಾಡೋರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ದೊಡ್ಡ ಹೆಸರು. ಆಡುಗಳಿಗೆ ಬೇರೆ ಆಡಿನ ರಕ್ತ ಕೊಟ್ಟು ನೋಡಿದ್ರು, ಅದರ ವಿರುದ್ಧ ಆಂಟಿಬಾಡಿ (ಹೊರಗಿನದ್ದನ್ನ ಹಿಡಿಯೋಕೆ ದೇಹ ರಕ್ತದಲ್ಲಿ ಬಿಡೋ ಪ್ರೋಟೀನು) ಹುಟ್ಟಿತು, ತನ್ನದೇ ರಕ್ತ ಕೊಟ್ಟಾಗ ಹುಟ್ಟಲಿಲ್ಲ. ದೇಹ ತನಗೆ ತಾನೇ ವಿಷ ಮಾಡಿಕೊಳ್ಳೋಕೆ ಹೆದರ್ತದೆ ಅಂದ್ರು, ಅದಕ್ಕೆ ‘ಹಾರರ್ ಆಟೋಟಾಕ್ಸಿಕಸ್’ ಅಂತ ಹೆಸರಿಟ್ರು. ದೊಡ್ಡವರು ಹೇಳಿದ್ದು ಅಂದಮೇಲೆ ಮುಗೀತು, ಐವತ್ತು ವರ್ಷ ಅದೇ ಕಾನೂನಿನ ಥರ ನಡೀತು. 1904ರಲ್ಲೇ ಡೊನಾಥ್ ಮತ್ತು ಲ್ಯಾಂಡ್‌ಸ್ಟೈನರ್ ಅನ್ನೋ ಇಬ್ಬರು ಸಂಶೋಧಕರು, ಚಳಿ ತಾಗಿದ ಕೂಡ್ಲೆ ಮೂತ್ರ ಕೆಂಪಾಗೋ ರೋಗಿಗಳ ರಕ್ತದಲ್ಲಿ ತಮ್ಮದೇ ಕೆಂಪು ಕಣ ಒಡೆಯೋ ಆಂಟಿಬಾಡಿ ತೋರಿಸಿದ್ರೂ ಅದನ್ನ ಅಪರೂಪದ ಕೇಸು ಅಂತ ಬದಿಗಿಟ್ರು. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ನಾಲ್ಕು ಹೆಂಗಸರ ಥೈರಾಯ್ಡ್ ಗ್ರಂಥಿಯಲ್ಲಿ ಬಿಳಿ ರಕ್ತಕಣ ತುಂಬ್ಕೊಂಡಿರೋದನ್ನ ಬರೆದಿಟ್ರು, ಯಾಕೆ ತುಂಬ್ಕೊಂಡಿದೆ ಅಂತ ಆಗ ಯಾರಿಗೂ ಹೊಳೀಲಿಲ್ಲ.

ಕಾನೂನು ಮುರಿದದ್ದು 1956. ಅಮೆರಿಕದ ಬಫಲೋದಲ್ಲಿ ನೋಯೆಲ್ ರೋಸ್ ಅನ್ನೋ ಯುವಕ, ಅರ್ನೆಸ್ಟ್ ವಿಟೆಬ್ಸ್ಕಿ ಜೊತೆ ಸೇರಿ, ಮೊಲಗಳಿಗೆ ಮೊಲದ್ದೇ ಥೈರಾಯ್ಡಿನ ಸತ್ವ ಚುಚ್ಚಿ ನೋಡಿದ್ರು. ಎರ್ಲಿಖ್ ಪ್ರಕಾರ ಏನೂ ಆಗಬಾರದಿತ್ತು, ಆದ್ರೆ ಆಂಟಿಬಾಡಿ ಬಂತು, ಗ್ರಂಥಿಯೂ ಹಾಳಾಯ್ತು. ಅದೇ ವರ್ಷ ಲಂಡನ್ನಿನಲ್ಲಿ ಡೆಬೊರಾ ಡೋನಿಯಾಕ್, ಐವನ್ ರೋಯ್ಟ್ ತಂಡ, ಹಶಿಮೊಟೊ ಬರೆದಿಟ್ಟ ಅದೇ ಥೈರಾಯ್ಡ್ ಕಾಯಿಲೆ ಇರೋ ರೋಗಿಗಳ ರಕ್ತದಲ್ಲೇ ಥೈರಾಯ್ಡ್ ವಿರುದ್ಧದ ಆಂಟಿಬಾಡಿ ಹಿಡಿದ್ರು. ಇವತ್ತು ಲ್ಯಾಬಿನವರು ರಿಪೋರ್ಟಲ್ಲಿ ಬರೆಯೋ ಆಂಟಿ-ಟಿಪಿಒ ಟೆಸ್ಟ್ ಆ ಹುಡುಕಾಟದಿಂದಲೇ ಬಂದದ್ದು. 1960ರ ದಶಕಕ್ಕೆ ಬಂದಾಗ ರೋಗಿಗಳ ಮನೆಯವರ ರಕ್ತವನ್ನೂ ನೋಡೋಕೆ ಶುರುಮಾಡಿದ್ರು, ಗಂಟಲಲ್ಲಿ ಏನೂ ತೊಂದ್ರೆ ಇಲ್ಲದೆ ಆರಾಮಾಗಿ ಓಡಾಡ್ಕೊಂಡಿದ್ದ ಅಕ್ಕತಂಗಿಯರಲ್ಲೂ ಅದೇ ಆಂಟಿಬಾಡಿ ಸಿಕ್ತು. ಮನೆತನದ ಸಂಬಂಧ ರಕ್ತದಲ್ಲೇ ಕಂಡದ್ದು ಹಾಗೆ.

ಆಮೇಲೆ ಜೀನ್ ಹುಡುಕಾಟ. ಫ್ರಾನ್ಸಿನ ಜಾನ್ ದೊಸ್ಸೆ 1958ರಲ್ಲಿ ಎಚ್‌ಎಲ್‌ಎ ಗುಂಪಿನ ಮೊದಲನೇದನ್ನ ಗುರುತಿಸಿದ್ರು, 1980ರಲ್ಲಿ ಅದಕ್ಕೆ ನೊಬೆಲ್ಲೂ ಬಂತು. ಯಾವುದು ತನ್ನದು ಯಾವುದು ಹೊರಗಿನದ್ದು ಅಂತ ಬಿಳಿ ಕಣಗಳಿಗೆ ತೋರಿಸಿಕೊಡೋ ಪ್ರೋಟೀನು ಇವು, ಅರ್ಧ ತಾಯಿಯಿಂದ ಅರ್ಧ ತಂದೆಯಿಂದ ಬರ್ತವೆ. 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸ್ ಎರಡೂ ಕಡೆ ಒಂದೇ ಸಂಗತಿ ಹೊರಬಿತ್ತು, ಬೆನ್ನುಮೂಳೆ ಬಿದಿರಿನ ಹಾಗೆ ಬೆಸೆದುಕೊಳ್ಳೋ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರೋರಲ್ಲಿ ಬಹುತೇಕ ಎಲ್ಲರಿಗೂ ಎಚ್‌ಎಲ್‌ಎ-ಬಿ27 ಅನ್ನೋ ಒಂದು ಬಗೆ ಇತ್ತು. ಆದ್ರೆ ಬಿ27 ಇದ್ದೋರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲೇ ಈ ರೋಗ ಬರೋದಿಲ್ಲ, ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ.

ಅವಳಿಗಳನ್ನ ನೋಡಿದ್ರೆ ಇದು ಇನ್ನೂ ಸರಿಯಾಗಿ ಗೊತ್ತಾಗ್ತದೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಿಗೆ ಜೀನೆಲ್ಲ ಒಂದೇ, ಆದ್ರೂ ಒಬ್ಬರಿಗೆ ರುಮಟಾಯ್ಡ್ ಸಂಧಿವಾತ ಇದ್ರೆ ಇನ್ನೊಬ್ಬರಿಗೂ ಬಂದದ್ದು ನೂರಕ್ಕೆ ಸುಮಾರು 15 ಜೋಡಿಯಲ್ಲಿ ಮಾತ್ರ. ಜೀನಿನ ಜೊತೆ ಬೇರೆ ಏನೋ ಬಂದು ಕಿಡಿ ಹಚ್ಚಬೇಕು, ಸೋಂಕು ಇರಬಹುದು, ಹಾರ್ಮೋನು ಇರಬಹುದು, ಬೀಡಿ ಸಿಗರೇಟು ಅಂತೂ ಸಂಧಿವಾತದ ಅಪಾಯ ಹೆಚ್ಚಿಸ್ತದೆ ಅಂತ ಸಾಬೀತಾಗಿದೆ. ನಮ್ಮ ಕರಾವಳಿಯವರಿಗೆ ಹತ್ತಿರದ ಉದಾಹರಣೆ ಅಂದ್ರೆ ಸೀಲಿಯಾಕ್ ಕಾಯಿಲೆ, ಗೋಧಿಯ ಗ್ಲುಟೆನ್ನಿಗೆ ಕರುಳು ಹಾಳಾಗೋದು. ಅದಕ್ಕೆ ಬೇಕಾದ ಜೀನು ಉತ್ತರ ಭಾರತದಲ್ಲೂ ದಕ್ಷಿಣದಲ್ಲೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿದೆ, ಆದ್ರೆ ಕಾಯಿಲೆ ಉತ್ತರದಲ್ಲಿ ನೂರಕ್ಕೆ ಒಬ್ಬರ ಆಸುಪಾಸು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರ ಆಸುಪಾಸು. ಗಂಜಿ, ಅನ್ನ, ದೋಸೆ ತಿನ್ನೋ ಊರಲ್ಲಿ ಆ ಜೀನು ಸುಮ್ನೆ ಕೂತಿರ್ತದೆ. ಈಗ ಮೂರು ಹೊತ್ತೂ ಚಪಾತಿ, ಮೈದಾ ಅಂತ ಶುರುವಾಗಿರೋ ಮನೆಗಳಲ್ಲಿ ಮುಂದೇನಾಗ್ತದೆ ಅಂತ ನನಗಂತೂ ಚಿಂತೆ ಇದೆ.

ಒಂದೇ ಜೀನು ಕೆಟ್ಟು ನೇರವಾಗಿ ಕಾಯಿಲೆ ತರೋದೂ ಇದೆ, ಬಹಳ ಅಪರೂಪ. ಅಮೆರಿಕದ ಓಕ್ ರಿಡ್ಜ್ ಲ್ಯಾಬಿನಲ್ಲಿ 1940ರ ದಶಕದಲ್ಲಿ ಕೆಲವು ಗಂಡು ಇಲಿಗಳು ಮೈಯೆಲ್ಲ ಹೊಪ್ಪಳೆ ಎದ್ದು ಕೆಲವೇ ವಾರದಲ್ಲಿ ಸಾಯ್ತಿದ್ದವು, ಅದಕ್ಕೆ ಸ್ಕರ್ಫಿ ಇಲಿ ಅಂತ ಹೆಸರು. ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ವರ್ಷಗಟ್ಟಲೆ ಹುಡುಕಿ 2001ರಲ್ಲಿ ಆ ಜೀನು ಫಾಕ್ಸ್‌ಪಿ3 ಅಂತ ಹಿಡಿದ್ರು, ಮನುಷ್ಯರ ಗಂಡುಮಕ್ಕಳಲ್ಲಿ ಬರೋ ಐಪೆಕ್ಸ್ ಅನ್ನೋ ಭಯಂಕರ ಕಾಯಿಲೆಗೂ ಅದೇ ಜೀನು ಕಾರಣ ಆಗಿತ್ತು. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲೇ ಬೇರೆ ಕಣಗಳನ್ನ ತಡೆದು ನಿಲ್ಲಿಸೋ ರೆಗ್ಯುಲೇಟರಿ ಟಿ ಕಣ ತೋರಿಸಿದ್ರು, ಅವುಗಳನ್ನ ತಯಾರು ಮಾಡೋದು ಈ ಫಾಕ್ಸ್‌ಪಿ3 ಅಂತ ಆಮೇಲೆ ಗೊತ್ತಾಯ್ತು. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೇ ಬಂತು. ಅಂದ್ರೆ ದಾಳಿ ಮಾಡೋ ಕಣ ಎಲ್ಲರ ಮೈಯಲ್ಲೂ ಇದೆ, ತಡೆಯೋ ಕಣ ಸೋತಾಗ ಕಾಯಿಲೆ.

ಇಷ್ಟೆಲ್ಲ ಗೊತ್ತಾದ್ಮೇಲೂ ನಮ್ಮೂರಲ್ಲಿ ಏನಾಗ್ತಿದೆ ಅಂದ್ರೆ, ಅಡಿಕೆ ಸುಲಿತದ ಟೈಮಲ್ಲಿ ನಮ್ಮ ದೊಡ್ಡಾಯಿ ಬೆಳಿಗ್ಗೆ ಎದ್ದು ಮುಷ್ಟಿ ಮಡಚೋಕೆ ಆಗದೆ ಬಿಸಿನೀರಲ್ಲಿ ಕೈ ಇಟ್ಕೊಂಡು ಕೂರ್ತಿದ್ರು, ಒಂದು ತಾಸು ಕಳೆದ ಮೇಲೆ ಬೆರಳು ಸಡಿಲಾಗಿ ಮೆಟ್ಟುಗತ್ತಿ ಮುಂದೆ ಕೂತ್ರೆ ಮತ್ತೆ ಕೆಲ್ಸ. ಎರಡೂ ಕೈಯ ಸಣ್ಣ ಗಂಟುಗಳು, ಬೆಳಗಿನ ಬಿಗಿತ, ಇದು ರುಮಟಾಯ್ಡಿನ ಖಾಸಾ ಲಕ್ಷಣ, ಎಲ್ಲರೂ ವಾಯು ಅಂತ ಎಣ್ಣೆ ತಿಕ್ಕಿದ್ರು. ಅವರ ತಾಯಿಗೂ ಬೆರಳು ಸೊಟ್ಟಗಿತ್ತು ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಡಾಕ್ಟರಿಗೆ ಮಾತ್ರ ಯಾರೂ ಹೇಳಿರ್ಲಿಲ್ಲ. ರುಮಟಾಯ್ಡಿಗೆ ಕೊಡೋ ಮಿಥೋಟ್ರೆಕ್ಸೇಟ್ ಮಾತ್ರೆ ಶುರುಮಾಡೋ ಹೊತ್ತಿಗೆ ಎರಡು ಬೆರಳು ವಾಲಿಬಿಟ್ಟಿದ್ವು, ಅದು ವಾಪಸ್ ಸರಿಯಾಗೋದಿಲ್ಲ. (ಆ ಮಾತ್ರೆ ವಾರಕ್ಕೊಂದೇ ದಿನ, ದಿನಾ ತಗೊಂಡ್ರೆ ಜೀವಕ್ಕೇ ಅಪಾಯ, ಯಾರ ಮನೆಯಲ್ಲಿದ್ರೂ ಡಬ್ಬಿ ಮೇಲೆ ಆ ದಿನದ ಹೆಸರು ಬರೆದಿಡಿ.)

ಯಾಕೆ ಹೇಳೋದಿಲ್ಲ ಅಂದ್ರೆ ಮದುವೆ. ತೊನ್ನು, ಲೂಪಸ್ (ಚರ್ಮ, ಗಂಟು, ಕಿಡ್ನಿಗೆಲ್ಲ ತಾಗೋ ಇನ್ನೊಂದು ಆಟೋಇಮ್ಯೂನ್ ಕಾಯಿಲೆ), ಸಂಧಿವಾತ ಇದೆ ಅಂದ್ರೆ ಹುಡುಗಿಯರಿಗೆ ಸಂಬಂಧ ತಪ್ಪಿಹೋಗ್ತದೆ ಅಂತ ಭಯ. ಈ ಕಾಯಿಲೆಗಳಲ್ಲಿ ಹೆಚ್ಚಿನವು ಹೆಂಗಸರಿಗೇ ಜಾಸ್ತಿ ಬರೋದು, ಹಾಗಾಗಿ ಮುಚ್ಚಿಟ್ಟು ನರಳೋದೂ ಅವರೇ. ನನಗೆ ಇದರ ಮೇಲೆ ನಿಜಕ್ಕೂ ಸಿಟ್ಟಿದೆ. ತೊನ್ನು ಅಂಟೋದಿಲ್ಲ, ತಾಯಿಗೆ ಇದ್ರೆ ಮಗಳಿಗೆ ಬಂದೇ ಬರ್ತದೆ ಅಂತಲೂ ಇಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ದೊಡ್ಡ ಕೂಗೆದ್ದಾಗ ಎಲ್ಲರ ತಲೆಯಲ್ಲಿ ಆಕ್ಸಿಡೆಂಟು, ಹಾರ್ಟ್ ಅಟ್ಯಾಕ್ ಇತ್ತು, ಅದೂ ಸರಿಯೇ, ಆದ್ರೆ ಪ್ರತಿ ಮೂರು ತಿಂಗಳಿಗೆ ರುಮಟಾಲಜಿಸ್ಟ್ (ಸಂಧಿವಾತದಂಥ ಕಾಯಿಲೆಗಳ ತಜ್ಞ ಡಾಕ್ಟರು) ನೋಡೋಕೆ ಘಟ್ಟ ಹತ್ತಿ ಇಳಿಯೋ, ಗೋವಾ ಬಸ್ ಹಿಡಿಯೋ ಜನರ ಲೆಕ್ಕವೂ ಅದರಲ್ಲಿ ಸೇರ್ಬೇಕು. ಅಲ್ಲಿವರೆಗೆ ಮನೆಯಲ್ಲಿ ಒಂದು ಹಾಳೆಯ ಮೇಲೆ ತಂದೆ ಕಡೆ ತಾಯಿ ಕಡೆ ಯಾರಿಗೆ ಏನಿದೆ ಅಂತ ಬರೆದು ಫೈಲಲ್ಲಿ ಹಾಕ್ಕೊಳ್ಳಿ. ಅಮ್ಮ ಅಥವಾ ಅಕ್ಕನಿಗೆ ಥೈರಾಯ್ಡ್ ಇದ್ರೆ ಬಸುರಿಯಾಗೋ ಮೊದಲೇ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತ ಪರೀಕ್ಷೆ ಒಂದು ಮಾಡಿಸಿ. ಮಗು ಸಿಕ್ಕಾಪಟ್ಟೆ ನೀರು ಕುಡಿದು ಸೊರಗ್ತಾ ಇದ್ರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದ್ರೆ, ನಾಳೆ ಅನ್ನದೆ ಅವತ್ತೇ ಬೆರಳು ಚುಚ್ಚಿ ಸಕ್ಕರೆ ನೋಡಿಸಿ. ಆರಾಮಾಗಿರೋ ಮಕ್ಕಳಿಗೆಲ್ಲ ಬಿ27 ಟೆಸ್ಟ್ ಮಾಡಿಸೋಕೆ ಹೋಗ್ಬೇಡಿ, ದುಡ್ಡೂ ದಂಡ ಹೆದರಿಕೆಯೂ ಜಾಸ್ತಿ. ಆದ್ರೆ ಇಪ್ಪತ್ತು ಇಪ್ಪತ್ತೈದರ ಹುಡುಗನಿಗೆ ಬೆನ್ನು ನೋವು ಮೂರು ತಿಂಗಳು ದಾಟಿ, ಮಲಗಿದ್ರೆ ಹೆಚ್ಚಾಗಿ ಓಡಾಡಿದ್ರೆ ಕಮ್ಮಿಯಾಗ್ತಿದ್ರೆ, ಸೊಂಟ ಹಿಡಿದದ್ದು ಅಂತ ಬಿಡದೆ ತೋರಿಸಿ, ಹೋಗುವಾಗ ಆ ಹಾಳೆಯನ್ನೂ ತಗೊಂಡು ಹೋಗಿ.