ಓದು, ಮಾಡಿ ತೋರಿಸು: ಪುಟ್ಟ ಮಕ್ಕಳ ಓದಿಗೆ ಮೈಕೈ ಚಲನೆ

ಡಿ.ಎಡ್, ಬಿ.ಎಡ್ ಓದುವಾಗ ‘ಚಟುವಟಿಕೆ ಆಧಾರಿತ ಕಲಿಕೆ’ ಅಂತ ಉರು ಹೊಡೆದುಬಿಡುತ್ತೇವೆ. ಯಾವ ಚಟುವಟಿಕೆ ಓದಿಗೆ ನೆರವಾಗುತ್ತದೆ, ಯಾವುದು ಬರೀ ಕುಣಿತ ಎನ್ನುವುದು ಮಾತ್ರ ತಿಳಿಯದೆ ಉಳಿಯುತ್ತದೆ.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಮುಖ್ಯ. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಗ್ಲೆನ್‌ಬರ್ಗ್ ಮತ್ತು ಸಂಗಡಿಗರು ಒಂದು, ಎರಡನೇ ತರಗತಿ ಮಕ್ಕಳಿಗೆ ಪುಟ್ಟ ಕಥೆಗಳನ್ನು ಕೊಟ್ಟರು. ಕಥೆಗೆ ತಕ್ಕ ಆಟಿಕೆಗಳು ಎದುರಿಗಿದ್ದವು. ಕೆಲವು ಮಕ್ಕಳು ವಾಕ್ಯ ಓದಿ, ಅದರಲ್ಲಿದ್ದಂತೆ ಆಟಿಕೆ ಸರಿಸಬೇಕಿತ್ತು. ಉಳಿದವರು ವಾಕ್ಯವನ್ನೇ ಮತ್ತೊಮ್ಮೆ ಓದಬೇಕಿತ್ತು. ಸರಿಸಿದವರಿಗೆ ಕಥೆ ಜಾಸ್ತಿ ಅರ್ಥವಾಗಿತ್ತು, ಜಾಸ್ತಿ ನೆನಪಿತ್ತು. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಸಂಗತಿ. ಹೀಗೆ ರೂಢಿಯಾದ ಮೇಲೆ, ಸರಿಸಿದಂತೆ ಮನಸ್ಸಿನಲ್ಲೇ ಅಂದುಕೊಂಡರೂ ಲಾಭ ಸಿಕ್ಕಿತು. ಅಂದರೆ ಆಟಿಕೆ ಕೊನೆತನಕ ಬೇಕಿಲ್ಲ.

ಯಾಕೆ ಹೀಗೆ? ಹೊಸದಾಗಿ ಓದುವ ಮಗು ಅಕ್ಷರ ಕೂಡಿಸುವುದರಲ್ಲೇ ಸುಸ್ತಾಗುತ್ತದೆ. ಬಾಯಲ್ಲಿ ಪದ ಬರುತ್ತದೆ, ಅರ್ಥ ಹತ್ತಿರ ಸುಳಿಯುವುದಿಲ್ಲ. ಮಾಡಿ ತೋರಿಸಬೇಕು ಅಂದಾಗ ಅರ್ಥ ಹುಡುಕದೆ ದಾರಿಯಿಲ್ಲ.

ತರಗತಿಯಲ್ಲಿ ಆಟಿಕೆ ಇಲ್ಲದಿದ್ದರೆ ಚೀಟಿ ಸಾಕು. “ಚೀಲವನ್ನು ಬೆಂಚಿನ ಕೆಳಗೆ ಇಡು.” ಮಗು ಮನಸ್ಸಿನಲ್ಲೇ ಓದಿ, ಮಾಡಬೇಕು. ಚೀಲ ಬೆಂಚಿನ ಮೇಲೆ ಕೂತರೆ, ‘ಬೆಂಚಿನ’ ತನಕ ಓದಿ ಮುಂದಿನದನ್ನು ಊಹಿಸಿರಬಹುದು ಅಂತ ನಮಗೆ ಸುಳಿವು ಸಿಗುತ್ತದೆ. ಒಬ್ಬೊಬ್ಬರಿಗೂ ಬೇರೆ ಚೀಟಿ ಕೊಡಿ: ಒಂದರಲ್ಲಿ ‘ಮೇಲೆ’, ಇನ್ನೊಂದರಲ್ಲಿ ‘ಹಿಂದೆ’. ಇಲ್ಲದಿದ್ದರೆ ಪಕ್ಕದವನನ್ನು ನೋಡಿ ಮಾಡುತ್ತಾರೆ. ಮಕ್ಕಳು ಅದರಲ್ಲಿ ಚುರುಕು, ಅಲ್ವಾ?

ಇದೇ ಕಾರಣಕ್ಕೆ “ಗ ಅಂದ್ರೆ ಗ ಮೇಲೆ ಹಾರಿ” ಅನ್ನುವ ಆಟ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಮುಂದಿನ ಇಬ್ಬರು ಅಕ್ಷರ ಗುರುತಿಸುತ್ತಾರೆ, ಉಳಿದವರು ಸುಮ್ನೆ ಹಿಂಬಾಲಿಸುತ್ತಾರೆ. ಬದಲಿಗೆ ಓದಲೇಬೇಕಾದ ಆಟ ಮಾಡಬಹುದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯಲ್ಲಿ ಅಕ್ಷರಗಳು ‘ಅ ಆ ಇ ಈ’ ಕ್ರಮದಲ್ಲಿ ಬರುವುದಿಲ್ಲ. ಮೊದಲ ಗುಂಪು ‘ರ ಗ ಸ ದ ಅ’. ಇಷ್ಟರಲ್ಲೇ ಸರ, ಅರಸ, ಅಗಸ ಆಗುತ್ತವೆ. ಈ ಐದನ್ನು ಕುಂಟೆಬಿಲ್ಲೆ ಮನೆಗಳಲ್ಲಿ ಬರೆದು, ‘ಅಗಸ’ ಎಂಬ ಚೀಟಿ ಕೊಟ್ಟು, ಒಬ್ಬೊಬ್ಬರಾಗಿ ಆ ಕ್ರಮದಲ್ಲೇ ಕುಂಟಲು ಹೇಳಿ. ಈಗ ಪದ ನೋಡದೆ ಕಾಲು ಮುಂದೆ ಹೋಗುವುದಿಲ್ಲ.

ಪಾಠ ಯೋಜನೆ ಬರೆಯುವಾಗ ಪ್ರತಿ ಚಟುವಟಿಕೆಯ ಪಕ್ಕ ಒಂದು ಪ್ರಶ್ನೆ ಹಾಕಿಕೊಳ್ಳಿ: ಓದದೆಯೂ ಇದನ್ನು ಮಾಡಬಹುದೇ? ‘ಹೌದು’ ಬಂದರೆ ಅದನ್ನು ಓದಿನ ಅವಧಿಯಿಂದ ತೆಗೆದು ಆಟದ ಅವಧಿಗೆ ಹಾಕಿ.