ಗಿಟಾರ್ ಪೆಟ್ಟಿಗೆ ಯಾರ ಕೈಯಲ್ಲಿದೆ? ‘ಎಲ್ ಮರಿಯಾಚಿ’ ಟಿಪ್ಪಣಿ

ಗುರುತು ತಪ್ಪುವ ಕಥೆ ಅಂದ ತಕ್ಷಣ ನಾವು ಒಂದೇ ಥರ ಕಾಣುವ ಇಬ್ಬರನ್ನು ಹುಡುಕುತ್ತೇವೆ. ನಿರ್ದೇಶಕ ರಾಬರ್ಟ್ ರೋಡ್ರಿಗಸ್ 1992ರ ಈ ಚಿತ್ರದಲ್ಲಿ ಅದರ ತಂಟೆಗೇ ಹೋಗಲಿಲ್ಲ. ಒಬ್ಬ ಮರಿಯಾಚಿ, ಅಂದರೆ ಹಾಡಿ ಹೊಟ್ಟೆ ಹೊರೆಯಲು ಊರಿಗೆ ಬಂದವನು. ಇನ್ನೊಬ್ಬ ಅಸೂಲ್, ಜೈಲಿನಿಂದ ಹೊರಬಿದ್ದು ಹಗೆ ತೀರಿಸಲು ಬಂದವನು. ಮುಖ, ಮೈಕಟ್ಟು ಯಾವುದೂ ಹೊಂದುವುದಿಲ್ಲ. ಇಬ್ಬರದೂ ಕಪ್ಪು ಬಟ್ಟೆ, ಇಬ್ಬರ ಕೈಯಲ್ಲೂ ಗಿಟಾರ್ ಪೆಟ್ಟಿಗೆ, ಅಷ್ಟೇ. ಒಂದರಲ್ಲಿ ಗಿಟಾರ್, ಇನ್ನೊಂದರಲ್ಲಿ ಬಂದೂಕು.

ಅಸೂಲನನ್ನು ಮುಗಿಸಲು ಹೊರಟ ರೌಡಿಗಳು ದಡ್ಡರು ಅಂತ ಬರೆದುಕೊಳ್ಳಬೇಡಿ. ಅವರ ಧಣಿ, ಅಸೂಲನ ಹಗೆಯಾದ ಮೊಕೊ ಹೇಳಿದ್ದು ಬಟ್ಟೆ ಮತ್ತು ಪೆಟ್ಟಿಗೆ ಮಾತ್ರ. ಆ ಲೆಕ್ಕದಲ್ಲಿ ಹಾಡುಗಾರನನ್ನು ಅಟ್ಟಿಸಿಕೊಂಡು ಹೋದದ್ದು ಸರಿಯೇ ಅಲ್ವಾ? ತಪ್ಪಿಗೊಂದು ನ್ಯಾಯವಾದ ಕಾರಣ ಇದ್ದಾಗಲೇ ನಗು ಹುಟ್ಟುತ್ತದೆ.

ಮುಂದೆ ಬಾರಿನಲ್ಲಿ ಪೆಟ್ಟಿಗೆಗಳು ಅದಲು ಬದಲಾಗುತ್ತವೆ. ರೌಡಿಗಳ ಕೈಗೆ ನಿಜವಾದ ಅಸೂಲನೇ ಸಿಗುತ್ತಾನೆ. ತೆರೆದು ನೋಡಿದರೆ ಒಳಗೆ ಗಿಟಾರ್! ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಚಿತ್ರದ ಅತಿ ಒಳ್ಳೆಯ ತಮಾಷೆ ಇದೇ. ಗುರುತು ಮನುಷ್ಯನದ್ದಲ್ಲ, ಪೆಟ್ಟಿಗೆಯದ್ದು.

ಸ್ನಾನದ ತೊಟ್ಟಿಯ ದೃಶ್ಯವನ್ನು ಎರಡು ಸಲ ನೋಡಿ. ಬಾರಿನ ಒಡತಿ ಡೊಮಿನೊಗೂ ಹಾಡುಗಾರನ ಮೇಲೆ ಅನುಮಾನ. ನೀರಲ್ಲಿ ಕೂತವನಿಗೆ ಲಕೋಟೆ ಬಿಚ್ಚುವ ಚೂಪಾದ ಚಾಕು ಹಿಡಿದು, ಹಾಡುಗಾರನಾದರೆ ಹಾಡು ಅನ್ನುತ್ತಾಳೆ. ಅವನು ಆ ಸ್ಥಿತಿಯಲ್ಲೇ ಗಿಟಾರ್ ನುಡಿಸುತ್ತಾನೆ. ಗುರುತಿನ ಚೀಟಿ ಇಲ್ಲ, ಸಾಕ್ಷಿ ಇಲ್ಲ. ಶ್ರುತಿ ತಪ್ಪಿದರೆ ಪ್ರಾಣ ಹೋಯಿತು. ನಗುವುದೋ ಹೆದರುವುದೋ ಗೊತ್ತಾಗದ ಈ ಜಾಗವೇ ಡಾರ್ಕ್ ಕಾಮಿಡಿ.

ಖರ್ಚಿನ ವಿಷಯ ಚುಟುಕಾಗಿ: ಮೆಕ್ಸಿಕೊದ ಆಕುನ್ಯಾ ಊರಿನಲ್ಲಿ ಸುಮಾರು 7,000 ಡಾಲರಿನಲ್ಲಿ ಚಿತ್ರೀಕರಣ. ಆ ದುಡ್ಡಿನಲ್ಲಿ ಒಂದಷ್ಟನ್ನು ರೋಡ್ರಿಗಸ್ ಔಷಧಿ ಪ್ರಯೋಗಕ್ಕೆ ಮೈ ಒಡ್ಡಿ ಗಳಿಸಿದ್ದರು. ಮೊಕೊ ಪಾತ್ರದ ನಟ ಸಿಕ್ಕಿದ್ದೂ ಅಲ್ಲೇ. ಚಿತ್ರದ ಭಾಷೆಯಾದ ಸ್ಪ್ಯಾನಿಷ್ ಅವರಿಗೆ ಬರುತ್ತಿರಲಿಲ್ಲ, ಉಚ್ಚಾರಣೆ ಬಾಯಿಪಾಠ ಮಾಡಿದರು. ಕ್ಯಾಮೆರಾ ಜೊತೆ ಧ್ವನಿ ಹಿಡಿಯುವ ಅನುಕೂಲವಿರಲಿಲ್ಲ. ಮಾತಿಗೂ ತುಟಿಗೂ ತಾಳೆಯಾಗದ ಕಡೆ ಸುಮ್ನೆ ಇನ್ನೊಂದು ಶಾಟ್‌ಗೆ ಕತ್ತರಿಸಿದ್ದಾರೆ. ಚಿತ್ರದ ಓಟಕ್ಕೆ ಈ ಬಡತನದ ಪಾಲೂ ಇದೆ.

ಕೊನೆಯನ್ನು ನಗುವಿನ ಲೆಕ್ಕಕ್ಕೆ ಸೇರಿಸಬೇಡಿ. ಡೊಮಿನೊ ಸತ್ತಿದ್ದಾಳೆ, ಹಾಡುಗಾರನ ಕೈಗೆ ಗುಂಡು ಬಿದ್ದಿದೆ, ಗಿಟಾರ್ ಹಿಡಿಯುವಂತಿಲ್ಲ. ಬೈಕ್ ಹತ್ತಿ ಊರು ಬಿಡುವಾಗ ಅವನ ಜೊತೆ ಇರುವುದು ಬಂದೂಕುಗಳು. ಈಗ ಯಾರಾದರೂ ಅವನನ್ನು ಅಸೂಲ್ ಅಂದುಕೊಂಡರೆ, ತಪ್ಪು ಅನ್ನುವುದು ಹೇಗೆ?