ಮನೆಗಳಿವೆ, ಇರಲು ಜಾಗವಿಲ್ಲ: ಆಲ್ಪ್ಸ್ ಊರುಗಳ ಗೋಜಲು

ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತ್ಯದಲ್ಲಿ ಎರಡು ಬಗೆಯ ಬೆಟ್ಟದೂರುಗಳಿವೆ. ಜರ್ಮಾಟ್, ವರ್ಬಿಯೇ ಥರದ ಕಡೆ ಸಾಲುಸಾಲು ಮನೆಗಳಿವೆ, ಆದರೆ ಅಲ್ಲಿ ದುಡಿಯುವವರಿಗೆ ಬಾಡಿಗೆಗೆ ಒಂದು ರೂಮು ಸಿಗುವುದೂ ಕಷ್ಟ. ಅದೇ ಪ್ರಾಂತ್ಯದ ಆಲ್ಬಿನೆನ್ ಎಂಬ ಪುಟ್ಟ ಊರಿಗೆ ಜನವೇ ಬೇಕಾಗಿದ್ದಾರೆ. 2017ರ ನವೆಂಬರ್‌ನಲ್ಲಿ ಆ ಊರಿನವರು ಸಭೆ ಸೇರಿ, ಬಂದು ನೆಲೆಸುವವರಿಗೆ ದುಡ್ಡು ಕೊಡೋಣ ಎಂದು ಮತ ಹಾಕಿದರು. 45 ವರ್ಷದೊಳಗಿನ ದೊಡ್ಡವರಿಗೆ ತಲಾ 25,000 ಫ್ರಾಂಕ್, ಮಕ್ಕಳಿಗೆ ತಲಾ 10,000. ಷರತ್ತು ಏನೆಂದರೆ ಹತ್ತು ವರ್ಷ ಅಲ್ಲೇ ಇರಬೇಕು, ರಜೆಗೆ ಬಂದು ಹೋಗುವ ಮನೆ ಆಗಬಾರದು. ಒಂದೇ ಪ್ರಾಂತ್ಯದಲ್ಲಿ ಇದು ಹೇಗಾಯಿತು?

ಮುನ್ನೂರು ವರ್ಷದ ಹಿಂದೆ ಸುಮ್ನೆ ನೋಡಿ ಬರೋಣ ಎಂದು ಯಾರೂ ಆಲ್ಪ್ಸ್‌ಗೆ ಹೋಗುತ್ತಿರಲಿಲ್ಲ. ಹೇಗೋ ದಾಟಿ ಆಚೆ ಸೇರಿದರೆ ಸಾಕಿತ್ತು. 18ನೇ ಶತಮಾನದ ಮೊದಲ ಭಾಗದಲ್ಲಿ ಜೂರಿಕ್‌ನ ವಿದ್ವಾಂಸ ಶಾಯ್ಖ್‌ಸರ್, ಅಲ್ಲಿ ಡ್ರ್ಯಾಗನ್ ಕಂಡೆವು ಎಂದವರ ಮಾತನ್ನು ಗಂಭೀರವಾಗಿಯೇ ಬರೆದಿಟ್ಟಿದ್ದಾನೆ. ಆಮೇಲೆ ಎಲ್ಲ ಬೇಗ ಬೇಗ ಆಯಿತು. 1786ರಲ್ಲಿ ಇಬ್ಬರು ಮಾಂಟ್ ಬ್ಲಾಂಕ್ ತುದಿ ಹತ್ತಿದರು. 1863ರಲ್ಲಿ ಥಾಮಸ್ ಕುಕ್ ಇಂಗ್ಲೆಂಡಿನಿಂದ ಪ್ರವಾಸಿಗರ ತಂಡ ಕಟ್ಟಿಕೊಂಡು ಬಂದ. 1871ರಲ್ಲಿ ರಿಗಿ ಬೆಟ್ಟಕ್ಕೆ ರೈಲು ಹತ್ತಿತು, 1912ರಲ್ಲಿ ಯುಂಗ್‌ಫ್ರೌ ರೈಲು 3,454 ಮೀಟರ್ ಎತ್ತರ ಮುಟ್ಟಿತು.

ಇವರೆಲ್ಲ ಬಂದು ಹೋದವರು. ಬಂದು ಉಳಿದವರಲ್ಲಿ ಮೊದಮೊದಲಿಗರು ರೋಗಿಗಳು. ಬೆಟ್ಟದ ಒಣ ಗಾಳಿ ಕ್ಷಯಕ್ಕೆ ಒಳ್ಳೆಯದು ಎಂಬ ನಂಬಿಕೆಯಿತ್ತು. ವೈದ್ಯ ಅಲೆಕ್ಸಾಂಡರ್ ಸ್ಪೆಂಗ್ಲರ್ ಇದ್ದ ದಾವೋಸ್‌ಗೆ 1865ರ ಚಳಿಗಾಲದಲ್ಲಿ ಮೊದಲ ರೋಗಿಗಳು ಬಂದರು. ಆಮೇಲೆ ಬಂದವರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಉಳಿದರು. ಬಿಸಿಲಿಗೆ ಮುಖ ಮಾಡಿದ ಬಾಲ್ಕನಿಯಲ್ಲಿ ಕಂಬಳಿ ಹೊದೆಸಿ ಮಲಗಿಸುವುದೇ ಚಿಕಿತ್ಸೆ. ಎರಡನೇ ಮಹಾಯುದ್ಧದ ನಂತರ ಔಷಧಿ ಬಂತು, ಸ್ಯಾನಟೋರಿಯಂಗಳು ಖಾಲಿಯಾದವು, ಅನೇಕವು ಹೋಟೆಲಾದವು. ಬಿಸಿಲಿನ ಬಾಲ್ಕನಿಯ ಆಸೆ ಮಾತ್ರ ರೋಗ ಇಲ್ಲದವರಿಗೂ ಅಂಟಿತು.

ಈಗಿನ ತಲೆನೋವು ಶುರುವಾದದ್ದು ಅದೇ ಯುದ್ಧದ ನಂತರದ ದಶಕಗಳಲ್ಲಿ. ಸ್ಕೀ ಲಿಫ್ಟ್, ಕಾರು, ಸಂಬಳ ಸಹಿತ ರಜೆ ಹೆಚ್ಚುಕಡಿಮೆ ಒಟ್ಟಿಗೆ ಬಂದವು. ಹೋಟೆಲ್ ಕಟ್ಟಿದರೆ ಹಾಕಿದ ದುಡ್ಡು ಹುಟ್ಟಲು ಎಷ್ಟೋ ವರ್ಷ ಬೇಕು. ಫ್ಲಾಟ್ ಕಟ್ಟಿದರೆ ಮಾರಿದ ದಿನವೇ ದುಡ್ಡು ಕೈಗೆ. ದನ ಮೇಯುತ್ತಿದ್ದ ಇಳಿಜಾರಿಗೆ ಒಮ್ಮೆಲೇ ಬೆಲೆ ಬಂದಾಗ ಬೇಡ ಎನ್ನುವವರು ಯಾರು? ಗಾರೆಯವರಿಗೆ, ಬಡಗಿಗಳಿಗೆ, ಊರಿನ ಬೊಕ್ಕಸಕ್ಕೆ ಎಲ್ಲರಿಗೂ ಲಾಭವಿತ್ತು. ವಿದೇಶಿಯರ ಜಮೀನು ಖರೀದಿಗೆ 1961ರಲ್ಲಿ ಕಡಿವಾಣ ಬಿತ್ತು. 1983ರಲ್ಲಿ ಬಂದ ಕಾಯ್ದೆಯಡಿ ಈಗ ಇಡೀ ದೇಶದಲ್ಲಿ ವರ್ಷಕ್ಕೆ ಹೆಚ್ಚೆಂದರೆ 1,500 ರಜಾಮನೆ ವಿದೇಶಿಯರಿಗೆ ಸಿಗಬಹುದು. ಆದರೆ ಜೂರಿಕ್‌ನವರು, ಜಿನೀವಾದವರು ವಿದೇಶಿಯರಲ್ಲ, ಅಲ್ವಾ? ಅವರು ಕೊಳ್ಳುತ್ತಲೇ ಹೋದರು.

ರಜಾಮನೆಗಳೇ ತುಂಬಿದ ಊರಿನ ಲೆಕ್ಕ ವಿಚಿತ್ರ. ನೀರಿನ ಪೈಪು, ಚರಂಡಿ, ಕೊಳಚೆ ನೀರಿನ ಘಟಕ ಎಲ್ಲವನ್ನೂ ಕ್ರಿಸ್‌ಮಸ್ ವಾರದ ಜನಕ್ಕೆ ಸಾಲುವಷ್ಟು ದೊಡ್ಡದಾಗಿ ಕಟ್ಟಬೇಕು. ನವೆಂಬರ್‌ನಲ್ಲಿ ಹೋದರೆ ಬೀದಿಗೆ ಬೀದಿಯೇ ಕಿಟಕಿ ಮುಚ್ಚಿಕೊಂಡಿರುತ್ತದೆ. ಬೇಕರಿಗೆ ವ್ಯಾಪಾರವಿಲ್ಲ, ಶಾಲೆಗೆ ಮಕ್ಕಳು ಕಡಿಮೆ. ಅಲ್ಲಿನವರ ಬಾಯಲ್ಲಿ ಇಂಥ ಮನೆಗಳು ‘ತಣ್ಣನೆಯ ಹಾಸಿಗೆಗಳು’.

ಪರಿಸರವಾದಿ ಫ್ರಾಂಜ್ ವೆಬರ್ ಇದನ್ನು ಜನಮತಕ್ಕೆ ತಂದರು. ಯಾವ ಊರಿನಲ್ಲೂ ಎರಡನೇ ಮನೆಗಳು, ಅಂದರೆ ಕಾಯಂ ವಾಸವಿಲ್ಲದ ಮನೆಗಳು, ಒಟ್ಟು ಮನೆಗಳ ಶೇ. 20 ದಾಟಬಾರದು ಎಂಬುದು ಬೇಡಿಕೆ. 2012ರ ಮಾರ್ಚ್ 11ರಂದು ಶೇ. 50.6ರಷ್ಟು ಮತ ಪರವಾಗಿ ಬಿತ್ತು. ಕೂದಲೆಳೆಯ ಗೆಲುವು. ಆದರೆ ವಾಲೆಯಲ್ಲಿ ಬಹುಪಾಲು ಜನ ಬೇಡ ಎಂದಿದ್ದರು. ಬೆಟ್ಟ ಚೆನ್ನಾಗಿರಲಿ ಎಂದು ಕೆಳಗಿನವರು ತೀರ್ಮಾನಿಸಿದರು, ಅದರ ಬಿಸಿ ತಟ್ಟಿದ್ದು ಮೇಲಿನವರಿಗೆ.

2016ರಲ್ಲಿ ಕಾಯ್ದೆ ಜಾರಿಗೆ ಬಂತು. ಅದರಲ್ಲಿ ಒಂದು ವಿನಾಯಿತಿ ಇತ್ತು, ಇಡೀ ಗೋಜಲಿನ ಗಂಟು ಇರುವುದು ಅಲ್ಲೇ. ಮತದಾನಕ್ಕೆ ಮುಂಚೆ ಇದ್ದ ಮನೆಗಳನ್ನು ಹೇಗೆ ಬೇಕಾದರೂ ಬಳಸಬಹುದು. ಕಾಯಂ ವಾಸಕ್ಕೂ ಸರಿ, ರಜೆಗೂ ಸರಿ. ಮಿತಿ ದಾಟಿದ ಊರುಗಳಲ್ಲಿ ಹೊಸ ಮನೆಗೆ ಮಾತ್ರ ಕಾಯಂ ವಾಸದ ಷರತ್ತು ಜಮೀನಿನ ದಾಖಲೆಯಲ್ಲೇ ಬೀಳುತ್ತದೆ. ಹೊಸದಾಗಿ ರಜಾಮನೆ ಕಟ್ಟುವಂತಿಲ್ಲ, ಕೊಳ್ಳುವವರೇನೂ ಕಡಿಮೆಯಾಗಿಲ್ಲ. ಅವರ ಕಣ್ಣು ಹಳೇ ಮನೆಗಳ ಮೇಲೆ ಬಿತ್ತು.

ಅದು ನಡೆಯುವುದು ಹೀಗೆ. 1970ರ ಸುಮಾರಿಗೆ ಕಟ್ಟಿದ ಒಂದು ಸಾಧಾರಣ ಬಿಲ್ಡಿಂಗ್. ಶಾಲೆಯ ಟೀಚರು, ಲಿಫ್ಟ್ ನಡೆಸುವವರು, ಹೋಟೆಲಿನ ಅಡುಗೆಯವರು ಬಾಡಿಗೆಗಿದ್ದಾರೆ. ಮಾಲೀಕ ತೀರಿಕೊಳ್ಳುತ್ತಾನೆ, ಮಕ್ಕಳಿರುವುದು ನಗರದಲ್ಲಿ. ಬಾಡಿಗೆದಾರರಿಗೆ ನೋಟಿಸ್ ಬರುತ್ತದೆ. ಗೋಡೆಗೆ ಮರ ಹೊದಿಸಿ, ಅಡುಗೆಮನೆ ಬದಲಾಯಿಸಿ, ಫ್ಲಾಟುಗಳನ್ನು ಒಂದೊಂದಾಗಿ ಮಾರುತ್ತಾರೆ. ಎಲ್ಲವೂ ಕಾನೂನು ಪ್ರಕಾರವೇ. ಟೀಚರು ಕಣಿವೆಯ ಕೆಳಗಿನ ಊರಿಗೆ ಹೋಗಿ, ದಿನಾ ಬಸ್ಸಿನಲ್ಲಿ ಮೇಲೆ ಬರುತ್ತಾರೆ. ಸೇಂಟ್ ಮೊರಿಟ್ಜ್ ಕಡೆ ಹೋಟೆಲ್, ಕಟ್ಟಡ ಕೆಲಸದ ಅನೇಕರು ದಿನಾ ಇಟಲಿಯಿಂದ ಗಡಿ ದಾಟಿ ಬರುತ್ತಾರೆ.

ಕೋವಿಡ್ ಇದಕ್ಕೆ ಇನ್ನಷ್ಟು ಒತ್ತು ಕೊಟ್ಟಿತು. ಮನೆಯಿಂದಲೇ ಕೆಲಸ ಎಂದ ಮೇಲೆ ಆ ಮನೆ ಬೆಟ್ಟದಲ್ಲೇ ಯಾಕಿರಬಾರದು? ಕೆಲವರು ನಿಜವಾಗಿಯೂ ನೆಲೆಸಿದರು, ಮಕ್ಕಳನ್ನು ಅಲ್ಲಿನ ಶಾಲೆಗೇ ಹಾಕಿದರು. ಅವರನ್ನು ದೂರುವುದು ಸರಿಯಲ್ಲ. ಆದರೆ ನಗರದ ಸಂಬಳದ ಎದುರು ಬೆಟ್ಟದ ಸಂಬಳ ನಿಲ್ಲುವುದಿಲ್ಲ. ಇದರ ನಡುವೆಯೇ 2024ರಲ್ಲಿ ಸಂಸತ್ತು ನಿಯಮ ಸಡಿಲಿಸಿತು. ಹಳೇ ಮನೆ ಕೆಡವಿ ಕಟ್ಟುವಾಗ ಶೇ. 30ರವರೆಗೆ ದೊಡ್ಡದು ಮಾಡಬಹುದು. ಅಕ್ಕಪಕ್ಕದವರ ದಾರಿ ಬೇರೆ. ಆಸ್ಟ್ರಿಯಾದ ಟಿರೋಲ್‌ನಲ್ಲಿ ರಜಾಮನೆಗಳ ಮಿತಿ ಶೇ. 8. ಇಟಲಿಯ ಸೌತ್ ಟಿರೋಲ್ ಪ್ರವಾಸಿಗರ ಹಾಸಿಗೆಗಳ ಸಂಖ್ಯೆಗೇ ಮಿತಿ ಹಾಕಿದೆ.

2025ರ ಮೇ 28ರಂದು ಬಿರ್ಚ್ ಹಿಮನದಿ ಕುಸಿದು ವಾಲೆಯ ಬ್ಲಾಟನ್ ಹಳ್ಳಿಯ ಬಹುಪಾಲು ಕಲ್ಲು ಮಂಜಿನಡಿ ಹೂತುಹೋಯಿತು. ಸುಮಾರು 300 ಜನರನ್ನು ಮೊದಲೇ ಖಾಲಿ ಮಾಡಿಸಿದ್ದರಿಂದ ದೊಡ್ಡ ಸಾವುನೋವು ತಪ್ಪಿತು. ಮತ್ತೆ ಕಟ್ಟುತ್ತೇವೆ ಎಂದರು ಊರಿನವರು. ಇಷ್ಟು ಖರ್ಚು ಮಾಡಿ ಬೆಟ್ಟದೂರು ಉಳಿಸಬೇಕಾ ಎಂಬ ಮಾತೂ ಎದ್ದಿತು. ರಜಾಮನೆಗಳಿಗೆ ರಸ್ತೆ, ನೀರು ಒದಗಿಸುವಾಗ ಇಂಥ ಪ್ರಶ್ನೆ ಅಷ್ಟು ಜೋರಾಗಿ ಕೇಳಿಸಿರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 28ರಂದು ಮತ್ತೊಂದು ಮತದಾನ ನಡೆಯಿತು. ತಾನೇ ಬಳಸುವ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಬರಬಹುದಾಗಿದ್ದ ದುಡ್ಡನ್ನೂ ಆದಾಯ ಎಂದೇ ಎಣಿಸುವ ತೆರಿಗೆ ಅಲ್ಲಿತ್ತು. ಅದನ್ನು ತೆಗೆಯಲು ಜನ ಒಪ್ಪಿದರು. ರಜಾಮನೆಗಳಿಂದ ಬರುತ್ತಿದ್ದ ಈ ತೆರಿಗೆ ಹೋದರೆ ಬೆಟ್ಟದ ಪ್ರಾಂತ್ಯಗಳಿಗೆ ನಷ್ಟ. ಅದಕ್ಕೆ ಬದಲಾಗಿ ಎರಡನೇ ಮನೆಗಳ ಮೇಲೆ ಬೇರೆ ತೆರಿಗೆ ಹಾಕುವ ಅಧಿಕಾರ ಪ್ರಾಂತ್ಯಗಳಿಗೆ ಸಿಕ್ಕಿದೆ. ಹಾಕಬೇಕೋ ಬೇಡವೋ, ಎಷ್ಟು ಹಾಕಬೇಕು ಎಂಬುದನ್ನು ಆಯಾ ಪ್ರಾಂತ್ಯವೇ ತೀರ್ಮಾನಿಸಬೇಕು. ಬೇರೆ ಪ್ರಾಂತ್ಯದಲ್ಲಿ ವಾಸವಿರುವ ರಜಾಮನೆ ಮಾಲೀಕರಿಗೆ ಅಲ್ಲಿ ಮತವಿಲ್ಲ.